ಹಮೀದಾಕ ಕೊಡದ ಮಾತ್ರೆ

ಹತ್ತರ ಸ್ಟ್ರಿಪ್, ನಾಲ್ಕು ಗುಳಿ ಖಾಲಿ, ಆರರಲ್ಲಿ ಕೆಂಪು-ಹಳದಿ ಕ್ಯಾಪ್ಸೂಲ್. ನಿನ್ನೆ ಸಂಜೆ ಅದು ಅಮ್ಮನ ಕೈಯಲ್ಲಿತ್ತು.

"ಹೊಟ್ಟೆ ಸರಿ ಇಲ್ಲ ಮಾರಾಯ್ತಿ. ನಾಳೆ ತಿಂಡಿ ಆದ ಮೇಲೆ ಇದೊಂದು ತಗೊಳ್ತೇನೆ," ಎಂದಳು.

ದುಬೈಯಿಂದ ಮಾವ ಬರುವಾಗಲೆಲ್ಲ ಸೋಪು, ಖರ್ಜೂರದ ಜೊತೆ ಒಂದಿಷ್ಟು ಮಾತ್ರೆಗಳೂ ಬರುತ್ತವೆ, ಬಂದು ನಮ್ಮ ಬಿಸ್ಕತ್ತಿನ ಡಬ್ಬಿ ಸೇರುತ್ತವೆ. ಗಲ್ಫಿನದ್ದು ಎಂದಮೇಲೆ ಡಾಕ್ಟರ ಚೀಟಿ ಕೇಳುವವರಿಲ್ಲ. ಆ ನಾಲ್ಕು ಗುಳಿಗಳನ್ನು ಖಾಲಿ ಮಾಡಿದವಳು ನಾನು. ಅಮ್ಮನಿಗೆ ಅದು ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಎಂ.ಎಸ್ಸಿ.ಯ ಕೊನೆಯ ಪರೀಕ್ಷೆ ಹತ್ತಿರವಾದಾಗ, ನನಗೆ ಸದಾ ಹೊಟ್ಟೆಯುಬ್ಬರ. ಓದುತ್ತಿದ್ದುದು ಸೂಕ್ಷ್ಮಜೀವಿಗಳ ಬಗ್ಗೆಯೇ ಆದ್ದರಿಂದ ಪರಿಹಾರವೂ ನನಗೇ ಹೊಳೆಯಿತು: ಕರುಳಿನ ಬ್ಯಾಕ್ಟೀರಿಯಾಗಳನ್ನೆಲ್ಲ ಒಮ್ಮೆ ಗುಡಿಸಿ ಹಾಕುವುದು. ಕಾವೂರಿನ ನಮ್ಮ ರಸ್ತೆಯಲ್ಲಿ ಮೆಡಿಕಲ್ ಇಟ್ಟಿರುವ ಹಮೀದಾಕನ ಬಳಿ ಹೋಗಿ ಆಂಟಿಬಯೋಟಿಕ್ ಕೇಳಿದೆ.

"ಚೀಟಿ ಉಂಟಾ ಡಾಕ್ಟ್ರೇ?" ಅವರು ನನ್ನನ್ನು ಕರೆಯುವುದೇ ಹಾಗೆ.

"ಇಲ್ಲ. ಹೊಟ್ಟೆ ಕ್ಲೀನ್ ಮಾಡ್ಲಿಕ್ಕೆ."

"ಅಲ್ಲಿ ಇರುವವರೆಲ್ಲ ಕಳ್ಳರಾ? ಒಳ್ಳೆಯವರನ್ನೂ ಓಡಿಸಿದ್ರೆ ಖಾಲಿ ಮನೆಗೆ ಎಂಥವರು ಬಂದು ಕೂರ್ತಾರೆ ಗೊತ್ತುಂಟಾ?"

ಗೊತ್ತಿತ್ತು, ಅದೇ ವಿಷಯದ ಮೇಲೆ ಸೆಮಿನಾರ್ ಕೊಟ್ಟವಳು ನಾನು. ಅವಮಾನವಾಯಿತು. ಮನೆಗೆ ಬಂದು, ಮಾವ ತಂದ ಆಂಟಿಬಯೋಟಿಕ್ ಹುಡುಕಿ ಡಬ್ಬಿ ತೆರೆದೆ.

ಎರಡು ದಿನ, ನಾಲ್ಕು ಕ್ಯಾಪ್ಸೂಲ್. ವಾರ ಕಳೆಯುವುದರೊಳಗೆ ಭೇದಿ, ಜ್ವರ, ಎದ್ದು ನಿಲ್ಲಲಾಗದ ಸುಸ್ತು. ನಾನು ಬಲ್ಮಠದ ಗಾಡಿಯಲ್ಲಿ ತಿಂದ ಗೋಬಿ ಮಂಚೂರಿಯಿಂದಲೇ ಇದೆಲ್ಲ ಎಂದು ಆ ಗೋಬಿಯವನನ್ನು ಶಪಿಸುತ್ತ, ಭೇದಿ ನಿಲ್ಲಿಸುವ ಮಾತ್ರೆಗಾಗಿ ಅಮ್ಮ ಹಮೀದಾಕನಿಗೆ ಫೋನ್ ಮಾಡಿದಳು. ಅವರು ಮಾತ್ರೆ ಕಳಿಸಲಿಲ್ಲ. ಅರ್ಧ ಶಟರ್ ಎಳೆದು ತಾವೇ ಬಂದರು, ಆಸ್ಪತ್ರೆಗೆ ಹೊರಡಿ ಎಂದರು. ಅಮ್ಮ ಬಟ್ಟೆ ತುಂಬಲು ಒಳಗೆ ಹೋದಾಗ ಮೆಲ್ಲಗೆ ಕೇಳಿದರು: "ಎಂತ ತಿಂದದ್ದು?"

ಮಾತ್ರೆಯ ಹೆಸರು ಹೇಳಿದೆ. ಅವರು ಬೈಯಲಿಲ್ಲ. ಹಳೆಯ ಬಿಲ್ಲಿನ ಹಿಂದೆ ಆ ಹೆಸರನ್ನೂ ತಿಂದ ದಿನಗಳನ್ನೂ ಬರೆದು, ಮಡಚಿ, ನನ್ನ ಕೈಗಿಟ್ಟರು.

"ಡಾಕ್ಟ್ರಿಗೆ ಇದು ಕೊಡ್ಲೇಬೇಕು. ಅಮ್ಮನಿಗೆ ಹೇಳುವುದು ನಿನಗೆ ಬಿಟ್ಟದ್ದು."

ಅತ್ತಾವರದ ಆಸ್ಪತ್ರೆಯಲ್ಲಿ, ಅಮ್ಮ ಹೊರಗಿದ್ದಾಗ ನಾನು ಕೊಟ್ಟ ಆ ಚೀಟಿ ಓದಿದ ಮೇಲೆಯೇ ಡಾಕ್ಟರು ಬೇರೊಂದು ಟೆಸ್ಟ್ ಮಾಡಿಸಿದ್ದು. ಒಳ್ಳೆಯವು ಸತ್ತ ಕರುಳಿನಲ್ಲಿ ಒಂದು ಕೆಟ್ಟ ಜಾತಿಯ ಬ್ಯಾಕ್ಟೀರಿಯಾ ಬೀಡುಬಿಟ್ಟಿತ್ತು. ನನ್ನ ವರ್ಷ ಹೋಯಿತು, ಜೀವ ಉಳಿಯಿತು.

ಮಾರಲು ಕೂತವರ ಬಾಯಲ್ಲಿ 'ಕೊಡುವುದಿಲ್ಲ' ಎಂಬ ಮಾತನ್ನು ನೀವು ಎಷ್ಟು ಸಲ ಕೇಳಿದ್ದೀರಿ? ತಮ್ಮ ಮಾತೇ ನಿಜವಾದ ಮೇಲೂ ಅದನ್ನು ಒಮ್ಮೆಯೂ ನೆನಪಿಸದೆ ಇರುವುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇವತ್ತಿಗೂ ಹಮೀದಾಕ ಕೌಂಟರಿನ ಹಿಂದಿನಿಂದ "ಎಂತ ಡಾಕ್ಟ್ರೇ" ಎನ್ನುತ್ತಾರೆ, ಅಷ್ಟೇ. ನಾನೋ, ಅಮ್ಮನ ಮುಂದೆ ಬಾಯಿ ಮುಚ್ಚಿಕೊಂಡೇ ಇದ್ದೆ. ಪಾಪ, ಗೋಬಿಯವನು ಎರಡು ವರ್ಷದಿಂದ ನನ್ನ ಪಾಲಿನ ಬೈಗುಳ ತಿನ್ನುತ್ತಿದ್ದಾನೆ.

ನಿನ್ನೆಯೂ ಮೊದಲು ಹೊಳೆದದ್ದು ಸ್ಟ್ರಿಪ್ಪನ್ನು ಅಡಗಿಸಿಡುವ ಉಪಾಯವೇ. ಆದರೆ ಮಾವ ಮುಂದಿನ ತಿಂಗಳು ಮತ್ತೆ ಬರುತ್ತಾನೆ.

ಇವತ್ತು ಬೆಳಿಗ್ಗೆ ಬೇಗ ಎದ್ದು ಗಂಜಿ ಬೇಯಿಸಿದೆ. ಅಮ್ಮನ ಮುಂದೆ ಬಟ್ಟಲಿಟ್ಟು, ಪಕ್ಕದಲ್ಲಿ ಸ್ಟ್ರಿಪ್ ಇಟ್ಟು, ಖಾಲಿ ಗುಳಿಗಳ ಮೇಲೆ ಬೆರಳಿಟ್ಟೆ.

"ಅಮ್ಮಾ, ಈ ನಾಲ್ಕು ತಿಂದದ್ದು ನಾನು. ಅದು ಗೋಬಿ ಅಲ್ಲ."