ಚಿತ್ತಾರದೊಳಗಿನ ಫೋನ್ ನಂಬರು

ಸಾಗರದಿಂದ ಜೋಗದ ಕಡೆ ಹೊರಟರೆ ಊರು ಮುಗಿಯುವ ಮೊದಲು ಎಡಕ್ಕೆ ಒಂದು ಮಹಡಿ ಕಟ್ಟಡ ಸಿಗುತ್ತದೆ. ಕೆಳಗೆ ಮಾಸ್ತಮ್ಮನವರ ಮನೆ, ಮೇಲೆ ಆರು ರೂಮಿನ ಲಾಡ್ಜು. ಒಂದು ಕಾಲದಲ್ಲಿ ಅಲ್ಲಿ ಅವರ ಗಂಡನ ಪಂಚರ್ ಅಂಗಡಿಯಿತ್ತು. ಗಂಡ ತೀರಿಕೊಂಡ ಮೇಲೆ ಮಾಸ್ತಮ್ಮ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದರು. ಇನ್ನೂರು ಹುಡುಗಿಯರ ಗಲಾಟೆಯನ್ನು ಪಾತ್ರೆಯ ಮೇಲೆ ಸೌಟು ಬಡಿದು ನಿಲ್ಲಿಸಿದವರಿಗೆ ಆರು ರೂಮಿನ ಲಾಡ್ಜು ನಡೆಸುವುದು ದೊಡ್ಡ ವಿಷಯವೇನೂ ಆಗಿರಲಿಲ್ಲ.

ಅವರಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಅವರ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂತೆಂದರೆ ಗೋಡೆಗೆ ಹಸೆ ಚಿತ್ತಾರ ಬರೆಯಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಎಳೆಯುವ ಕೆಲಸ. ಮಾಸ್ತಮ್ಮ ಎಳೆದ ಗೆರೆಗೆ ಸ್ಕೇಲು ಹಿಡಿದರೂ ಸೊಟ್ಟ ಸಿಗುವುದಿಲ್ಲ ಎಂದು ಅವರ ಕಡೆಯವರು ಹೇಳುತ್ತಿದ್ದರು.

ಎರಡು ವರ್ಷದ ಹಿಂದೆ ಶಿವಮೊಗ್ಗದಿಂದ ಸಿಂಚನಾ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ಹೋಟೆಲು ಬುಕ್ ಮಾಡುವ ಸೈಟೊಂದರಲ್ಲಿ ಅವಳಿಗೆ ಕೆಲಸ. "ಆಂಟಿ, ಒಂದ್ಸಲ ನಮ್ಮ ಸೈಟಲ್ಲಿ ಹಾಕಿ ನೋಡಿ, ನಿಮ್ಮ ಲಾಡ್ಜು ಇಡೀ ದೇಶಕ್ಕೆ ಕಾಣ್ಸುತ್ತೆ" ಎಂದಳು. ಮಾಸ್ತಮ್ಮ ಒಪ್ಪಿದರು. ದೇಶಕ್ಕೆ ಕಾಣಿಸಿತು ಕೂಡ. ಶನಿವಾರ ಭಾನುವಾರ ಆರೂ ರೂಮು ತುಂಬಿದವು. ಆದರೆ ನೂರಕ್ಕೆ ಇಪ್ಪತ್ತು ರೂಪಾಯಿ ಸೈಟಿನವರು ಹಿಡಿದುಕೊಳ್ಳುತ್ತಿದ್ದರು. ಅದನ್ನಾದರೂ ಮಾಸ್ತಮ್ಮ ಸಹಿಸುತ್ತಿದ್ದರೋ ಏನೋ. ಸಹಿಸಲಾಗದೆ ಹೋದದ್ದು, ತಮ್ಮ ಲಾಡ್ಜಿಗೆ ಯಾರು ಬರುತ್ತಿದ್ದಾರೆಂದು ತಮಗೇ ಗೊತ್ತಾಗದೆ ಇರುವುದು. ಬರುವವರೊಂದಿಗೆ ಮೊದಲೇ ಮಾತಾಡುವ ಹಾಗಿಲ್ಲ. ಮೆಸೇಜಿನಲ್ಲಿ ಫೋನ್ ನಂಬರು ಬರೆದರೆ ಅಂಕಿಗಳೆಲ್ಲ ನಕ್ಷತ್ರವಾಗಿ ಹೋಗುತ್ತಿದ್ದವು. ಬಂದವರು ಸೈಟಿನಲ್ಲಿ ಏನೇನೋ ಓದಿಕೊಂಡು ಬರುತ್ತಿದ್ದರು.

"ಫಾಲ್ಸ್ ವ್ಯೂ ಅಂತ ಹಾಕಿದ್ದಾರೆ. ಎಲ್ಲಿ ಫಾಲ್ಸ್?" ಎಂದು ಪುಣೆಯ ಒಬ್ಬ ಗೃಹಸ್ಥರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹಿಂದಿಯಲ್ಲಿ ಕೇಳಿದ್ದರು. ಜೋಗ ಅಲ್ಲಿಂದ ಮೂವತ್ತು ಕಿಲೋಮೀಟರ್. ಮಾಸ್ತಮ್ಮ ಕೆಳಗೆ ಹೋಗಿ ಮೋಟಾರ್ ಹಾಕಿದರು. ಹತ್ತು ನಿಮಿಷಕ್ಕೆ ಮೇಲಿನ ಟ್ಯಾಂಕು ತುಂಬಿ ಕಿಟಕಿಯ ಮುಂದೆ ಧೋ ಎಂದು ಸುರಿಯಿತು. "ಈಗ ಕಾಣ್ತಾ?" ಎಂದು ಅಂಗಳದಿಂದ ಕೂಗಿದರು. ಅವರು ಬಿದ್ದು ಬಿದ್ದು ನಕ್ಕು, ಹೋಗುವಾಗ ಸೈಟಿನಲ್ಲಿ ಐದು ಸ್ಟಾರ್ ಕೊಟ್ಟು ಹೋದರು.

ಹೇಗಾದರೂ ಮಾಡಿ ತನ್ನ ನಂಬರನ್ನು ಜನರಿಗೆ ಮುಟ್ಟಿಸಬೇಕು ಎಂಬ ಹಟ ಮಾಸ್ತಮ್ಮನವರಿಗೆ ಹತ್ತಿತು. ನಂಬರಿರುವ ಬೋರ್ಡಿನ ಫೋಟೋ ಹಾಕಿದರು. ಎರಡೇ ನಿಮಿಷಕ್ಕೆ ಫೋಟೋ ಮಾಯ. ಸಿಂಚನಾ ಫೋನ್ ಮಾಡಿದಳು.

"ಆಂಟಿ, ಫೋಟೋದಲ್ಲಿ ನಂಬರ್ ಇದ್ರೆ ಕಂಪ್ಯೂಟರೇ ತೆಗೆದುಹಾಕುತ್ತೆ. ಜನ ನಿಮಗೇ ನೇರ ಫೋನ್ ಮಾಡಿದ್ರೆ ನಮಗೇನು ಸಿಗುತ್ತೆ ಹೇಳಿ?"

"ಕಂಪ್ಯೂಟರ್‌ಗೆ ಕನ್ನಡ ಬರ್ತದಾ?" ಎಂದು ಮಾಸ್ತಮ್ಮ ಕೇಳಿದರು.

ಸಿಂಚನಾ ನಕ್ಕುಬಿಟ್ಟಳು. ಅವಳು ನಕ್ಕದ್ದೇ ಉತ್ತರವೆಂದು ಮಾಸ್ತಮ್ಮ ತಿಳಿದುಕೊಂಡರು.

ಮರುದಿನವೇ ಲಾಡ್ಜಿನ ಎದುರು ಗೋಡೆಗೆ ಕೆಮ್ಮಣ್ಣು ಬಿತ್ತು. ನಾಲ್ಕು ದಿನ ಏಣಿಯ ಮೇಲೆ ನಿಂತು ಮಾಸ್ತಮ್ಮ ದೊಡ್ಡದೊಂದು ಚಿತ್ತಾರ ಬರೆದರು. ನಡುವೆ ದಂಡಿಗೆ ಪಲ್ಲಕ್ಕಿಯಲ್ಲಿ ಕೂತ ಮದುಮಕ್ಕಳು, ಸುತ್ತ ಹಕ್ಕಿಗಳ ಸಾಲು. ಕೆಳಗಿನ ಅಂಚಿನಲ್ಲಿ ಹನ್ನೊಂದು ಚೌಕ. ಮೊದಲ ಚೌಕದಲ್ಲಿ ಹಳೇ ಕಾಲದ ಫೋನಿನ ರಿಸೀವರು. ದೂರದಿಂದ ನೋಡಿದರೆ ಅದೂ ಒಂದು ಹಕ್ಕಿಯೇ. ಉಳಿದ ಹತ್ತು ಚೌಕಗಳಲ್ಲಿ ಗೆರೆಗಳ ಹೆಣಿಗೆಯೊಳಗೆ ಹತ್ತು ಕನ್ನಡ ಅಂಕಿಗಳು.

ಫೋಟೋ ಹಾಕಿದರು. ಕಂಪ್ಯೂಟರು ತುಟಿ ಪಿಟಕ್ಕೆನ್ನಲಿಲ್ಲ. ಬದಲಿಗೆ ವಾರದೊಳಗೆ ಸಿಂಚನಾಳಿಂದ ಮೆಸೇಜು ಬಂತು. 'ಆಂಟಿ, ಸೂಪರ್! ಸ್ಥಳೀಯ ಕಲೆ ಅಂತ ನಮ್ಮ ಆಫೀಸಿನವರು ಇದನ್ನೇ ನಿಮ್ಮ ಲಾಡ್ಜಿನ ಮೊದಲ ಫೋಟೋ ಮಾಡಿದ್ದಾರೆ.' ಮಾಸ್ತಮ್ಮ ಒಬ್ಬರೇ ಕುಳಿತು ಚಹಾ ಕುಡಿಯುತ್ತ ಬಹಳ ಹೊತ್ತು ನಕ್ಕರು. ಇನ್ನು ಫೋನು ಬರುವುದೊಂದೇ ಬಾಕಿ.

ಫೋನು ಬರಲಿಲ್ಲ. ಒಂದು ವಾರ, ಎರಡು ವಾರ. ಕನ್ನಡ ಅಂಕಿ ಓದುವವರು ನಾಡಿನಲ್ಲಿ ಯಾರೂ ಉಳಿದಿಲ್ಲವೇನೋ ಎಂದು ಅವರಿಗೆ ಬೇಸರವಾಯಿತು.

ಮೂರನೇ ಶನಿವಾರ ಬೆಳಿಗ್ಗೆ ಹಾವೇರಿಯಿಂದ ಒಂದು ಕಾರು ಬಂತು. ಇಳಿದವರು ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. "ಮೂರನೇ ರೂಮು ನಮಗೆ ಹೇಳಿದೆ. ಗಾಳಿ ಚಲೋ ಬರ್ತದಂತಲ್ಲ" ಎಂದರು ಮೇಷ್ಟ್ರು.

"ಯಾರ್ ಹೇಳಿದ್ದು ನಿಮ್ಗೆ?"

"ನಿಮ್ಮ ಮೂರ್ತಿಯವರು. ಫೋನಿನಾಗ ಎಷ್ಟು ಚಂದ ಮಾತಾಡ್ತಾರ್ರೀ!"

ಮಾಸ್ತಮ್ಮನವರಿಗೆ ಯಾವ ಮೂರ್ತಿಯೂ ಗೊತ್ತಿರಲಿಲ್ಲ. ಅಷ್ಟರಲ್ಲಿ ದಾವಣಗೆರೆಯ ಇನ್ನೊಂದು ಸಂಸಾರ ಬಂದಿಳಿಯಿತು. ಅವರಿಗೂ ಮೂರ್ತಿಯೇ ರೂಮು ಕೊಟ್ಟಿದ್ದರು. ಸೈಟಿನಲ್ಲಿ ಐದು ರೂಮು ಹೋಗಿಯಾಗಿತ್ತು, ಉಳಿದದ್ದು ಒಂದು. ಮೇಷ್ಟ್ರಿಗೆ ಅದನ್ನು ಕೊಟ್ಟು, ದಾವಣಗೆರೆಯವರನ್ನು ಮಾಸ್ತಮ್ಮ ತಮ್ಮ ಸ್ವಂತ ಕೋಣೆಯಲ್ಲಿ ಇಳಿಸಿ, ತಾವು ಅಡುಗೆಮನೆಯಲ್ಲಿ ಚಾಪೆ ಹಾಕಿಕೊಂಡರು. ಯಾರೋ ತನ್ನ ಲಾಡ್ಜಿನ ಹೆಸರು ಹೇಳಿ ಮೋಸ ಮಾಡುತ್ತಿದ್ದಾರೆ ಎಂಬುದರಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ. ಮೇಷ್ಟ್ರ ಹತ್ತಿರ ಆ ಮೂರ್ತಿಯ ನಂಬರು ಬರೆಸಿಕೊಂಡರು.

ಸೋಮವಾರ ಮಧ್ಯಾಹ್ನ ಊಟ ಮುಗಿಸಿ, ಗಂಟಲು ಸ್ವಲ್ಪ ತೆಳ್ಳಗೆ ಮಾಡಿಕೊಂಡು ಫೋನ್ ಮಾಡಿದರು.

"ಸಾಗರದ ಲಾಡ್ಜಾ? ರೂಮು ಬೇಕಿತ್ತು."

"ನಮಸ್ಕಾರ, ಹೇಳಿ ಅಮ್ಮ. ಎಷ್ಟು ಜನ?" ಅತ್ತಲಿಂದ ಬಂದದ್ದು ವಯಸ್ಸಾದ, ತುಂಬ ಮರ್ಯಾದೆಯ ದನಿ.

"ಇಬ್ರು. ರೂಮು ಹೇಗಿದಾವೆ?"

"ಎಲ್ಲಾ ಬಹಳ ಚೊಕ್ಕಟ. ಮೂರನೇದು ತಗೊಳ್ಳಿ, ಗಾಳಿ ಚೆನ್ನಾಗಿ ಬರ್ತದೆ. ಬೆಳಿಗ್ಗೆ ಕೆಳದಿ ನೋಡ್ಕೊಂಡು ಇಕ್ಕೇರಿಗೆ ಹೋಗಿ. ಮಾರನೇ ದಿನ ಹೊಸನಗರದ ಮೇಲೆ ನಗರದ ಕೋಟೆಗೆ ಹೋಗ್ಬಹುದು. ಕೋಟೆ ಮೇಲೆ ನೀರು ಸಿಗಲ್ಲ, ಬಾಟ್ಲಿ ಇಟ್ಕೊಳ್ಳಿ."

"ಲಾಡ್ಜಿನವರು ಹೆಂಗೆ? ಒಳ್ಳೇ ಜನವಾ?"

"ಮಾಸ್ತಮ್ಮ ಅಂತ ಇದ್ದಾರೆ. ಬಾಯಿ ಸ್ವಲ್ಪ ಜೋರು ಅಂತ ಹೋಗಿ ಬಂದವ್ರು ಸೈಟಲ್ಲಿ ಬರ್ದಿದ್ದಾರೆ. ಆದ್ರೆ ನೀರುದೋಸೆ ಮಾಡಿದ್ರೆ ಎದ್ದು ಬರೋಕೆ ಮನಸ್ಸಾಗಲ್ಲವಂತೆ. ಮತ್ತೆ, ಅಮ್ಮ, ಸೈಟಲ್ಲಿ ಬುಕ್ ಮಾಡೋಕೆ ಹೋಗ್ಬೇಡಿ. ಇಲ್ಲೇ ನೇರ ಹೇಳಿದ್ರೆ ಆ ಹೆಂಗಸಿಗೆ ಪೂರ್ತಿ ದುಡ್ಡು ಸಿಗ್ತದೆ. ಯಾವ ಹೆಸರಲ್ಲಿ ಬರ್ಕೊಳ್ಳಲಿ?"

"ಮಾಸ್ತಮ್ಮ ಅಂತ ಬರ್ಕೊಳ್ಳಿ."



"ರಾಂಗ್ ನಂಬರ್" ಎಂದು ಹೇಳಿ ಆ ದನಿ ಫೋನಿಟ್ಟಿತು.

ಮಾಸ್ತಮ್ಮ ಮತ್ತೆ ಮಾಡಿದರು. ಈ ಬಾರಿ ಎತ್ತಿಕೊಂಡದ್ದು ಹೆಂಗಸು. ಹೆಸರು ಲಕ್ಷ್ಮಿ, ಮೂರ್ತಿಯವರ ಹೆಂಡತಿ. ವಿಷಯ ಕೇಳಿದ್ದೇ ತಡ, "ನಾನು ಮೊದ್ಲಿಂದ ಹೇಳ್ತಾ ಇದ್ದೆ ಇವ್ರಿಗೆ! ನೀವು ಬನ್ನಿ, ಬಂದು ಬೈದು ಹೋಗಿ. ಹೊಸನಗರದ ಬಸ್ ಸ್ಟ್ಯಾಂಡಲ್ಲಿ ಇಳಿದು ಫೋನ್ ಆಫೀಸಿನ ನಾರಾಯಣಮೂರ್ತಿ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ" ಎಂದು ತಾವೇ ದಾರಿ ಹೇಳಿಕೊಟ್ಟರು.

ಮಂಗಳವಾರ ಬೆಳಗಿನ ಬಸ್ಸಿಗೆ ಮಾಸ್ತಮ್ಮ ಹೊಸನಗರಕ್ಕೆ ಹೊರಟರು. ಏನೇನು ಬೈಯಬೇಕೆಂದು ಬಸ್ಸಿನಲ್ಲಿ ಕೂತು ಸಾಲಾಗಿ ಜೋಡಿಸಿಕೊಂಡಿದ್ದರು.

ನಾರಾಯಣಮೂರ್ತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ತೆಳ್ಳಗೆ, ಉದ್ದಕ್ಕೆ ಇದ್ದರು. ಬಾಗಿಲಲ್ಲೇ ಎರಡೂ ಕೈ ಮುಗಿದು ನಿಂತಿದ್ದ ಅವರನ್ನು ನೋಡಿ ಮಾಸ್ತಮ್ಮನವರಿಗೆ ಜೋಡಿಸಿಕೊಂಡಿದ್ದ ಮೊದಲ ಬೈಗುಳವೇ ಮರೆತುಹೋಯಿತು.

"ನನ್ ಗಿರಾಕಿಗಳನ್ನ ನೀವ್ಯಾಕೆ ಹಿಡ್ಕೊಂಡ್ರಿ?" ಎಂದಷ್ಟೇ ಕೇಳಿದರು.

"ನಾನು ಹಿಡ್ಕೊಂಡಿಲ್ಲ ಮಾಸ್ತಮ್ಮನೋರೇ. ನೀವೇ ಕಳಿಸಿದ್ದು" ಎನ್ನುತ್ತ ಮೂರ್ತಿಯವರು ಮೊಬೈಲಿನಲ್ಲಿ ಚಿತ್ತಾರದ ಫೋಟೋ ದೊಡ್ಡದು ಮಾಡಿ ತೋರಿಸಿದರು. "ಏಳನೇ ಅಂಕಿ ಓದಿ."

"ಆರು."

"ಸರಿಯಾಗಿ ನೋಡಿ."

ಕನ್ನಡದ ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ಬಾಲದಲ್ಲಿ. ಚೌಕದ ಗೆರೆಗೆ ಚೆಂದವಾಗಿ ಕೂರಲಿ ಎಂದು ಮಾಸ್ತಮ್ಮ ಬಾಲವನ್ನು ಒಂದಿಷ್ಟು ತಿರುಗಿಸಿದ್ದರು. ಅಷ್ಟಕ್ಕೇ ಆರು ಹೋಗಿ ಒಂಬತ್ತಾಗಿತ್ತು, ಸಾಗರದ ನಂಬರು ಹೊಸನಗರದ್ದಾಗಿತ್ತು. ಗೆರೆಯಲ್ಲಿ ಸೊಟ್ಟ ಸಿಗದ ಕೈಗೆ ಅಂಕಿಯಲ್ಲಿ ಸೊಟ್ಟ ಸಿಕ್ಕಿತ್ತು. ಮಾಸ್ತಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, ಕುರ್ಚಿಯ ಮೇಲೆ ಕುಳಿತುಬಿಟ್ಟರು.

"ಮೂರು ದಿನ ರಾಂಗ್ ನಂಬರ್ ಅಂತಲೇ ಹೇಳಿದೆ" ಎಂದರು ಮೂರ್ತಿಯವರು. "ಆಮೇಲೆ ಒಬ್ರು ಫೋಟೋ ಕಳಿಸಿ, 'ಗೋಡೆ ಮೇಲೆ ಇರೋದು ನಿಮ್ಮ ನಂಬರೇ ಅಲ್ವಾ' ಅಂತ ನನ್ನೇ ಜೋರು ಮಾಡಿದ್ರು. ಹೌದಲ್ಲ! ಗೋಡೆ ಮೇಲೆ ಇರೋ ನಂಬರನ್ನ ರಾಂಗ್ ಅನ್ನೋದು ಹೆಂಗೆ?"

"ಒಂಬತ್ತನ್ನ ಆರು ಮಾಡಿ ನಂಗೊಂದು ಫೋನ್ ಮಾಡ್ಬಹುದಿತ್ತಲ್ಲ?"

ಮೂರ್ತಿಯವರು ಛಾವಣಿ ನೋಡಿದರು. ಕಾಫಿ ತಂದ ಲಕ್ಷ್ಮಿಯವರು ಗಂಡನ ಕಡೆ ತಿರುಗಿ, "ಎಂತಕ್ಕೆ ಸುಮ್ಮನಿದ್ದೀರಿ? ಹೇಳಿ" ಎಂದು ತಿವಿದು, ಉತ್ತರವನ್ನು ತಾವೇ ಕೊಟ್ಟರು. "ರಿಟೈರಾದ ಮೇಲೆ ಇವ್ರಿಗೆ ಒಂದು ಫೋನೂ ಬರ್ತಿರ್ಲಿಲ್ಲ. ದಿನಾ ಅಡುಗೆಮನೆಗೆ ಬಂದು ಸಾರಿಗೆ ಉಪ್ಪು ನೋಡೋದೇ ಕೆಲಸ. ನಿಮ್ಮ ಗೋಡೆ ದೆಸೆಯಿಂದ ನಂಗೆ ಇಷ್ಟು ದಿನ ನೆಮ್ಮದಿ. ದಯವಿಟ್ಟು ಆ ಒಂಬತ್ತನ್ನ ಸರಿ ಮಾಡ್ಬೇಡಿ."

ಮಾಸ್ತಮ್ಮ ನಗು ತಡೆಯಲು ಕಾಫಿ ಕುಡಿದರು, ನೆತ್ತಿಗೇರಿತು. ಮೂವರೂ ನಕ್ಕು ಮುಗಿಯುವ ಹೊತ್ತಿಗೆ ಮಾತು ಇತ್ಯರ್ಥವಾಗಿತ್ತು. ಗೋಡೆಯ ಒಂಬತ್ತು ಹಾಗೆಯೇ ಇರಲಿ. ಫೋನು ಮೂರ್ತಿಯವರಿಗೇ ಬರಲಿ. ಆದರೆ ಸಾಗರಕ್ಕೆ ಫೋನ್ ಮಾಡಿ ಕೇಳದೆ ಅವರು ಯಾರಿಗೂ ರೂಮು ಕೊಡುವ ಹಾಗಿಲ್ಲ. ಕಮಿಷನ್ ಬಗ್ಗೆ ಮಾಸ್ತಮ್ಮ ಬಾಯಿ ತೆರೆದದ್ದಕ್ಕೆ ಮೂರ್ತಿಯವರಿಗೆ ನಿಜವಾಗಿಯೂ ಸಿಟ್ಟು ಬಂತು. "ಮೂವತ್ತಾರು ವರ್ಷ ಲೈನ್ ಜೋಡಿಸಿದೋನು ನಾನು. ಮಾತಾಡಿದವ್ರ ಹತ್ರ ಎಂದಾದ್ರೂ ಪಾಲು ಕೇಳಿದ್ದೀನಾ?"

ಮುಂದಿನ ಐದಾರು ತಿಂಗಳು ಲಾಡ್ಜಿಗೆ ಬಂದವರ ರೀತಿಯೇ ಬೇರೆ. ಕನ್ನಡ ಅಂಕಿ ಓದಬಲ್ಲವರೆಲ್ಲ ಬಂದರು: ಮೇಷ್ಟ್ರುಗಳು, ಪೋಸ್ಟ್‌ಮಾಸ್ಟರು, ತಾಲ್ಲೂಕು ಕಚೇರಿಯ ಹಳೇ ಗುಮಾಸ್ತರು, ಪಂಚಾಂಗ ನೋಡುವವರು. ಬೆಳಿಗ್ಗೆ ಐದಕ್ಕೇ ಬಿಸಿನೀರು ಕೇಳುತ್ತಿದ್ದರು, ಬೆಡ್‌ಶೀಟು ತಾವೇ ಮಡಿಸಿಟ್ಟು ಹೋಗುತ್ತಿದ್ದರು. ಬಂದವರಲ್ಲಿ ಅರ್ಧ ಜನ ಗೋಡೆಯ ಮುಂದೆ ನಿಂತು, ಇದು ಆರೋ ಒಂಬತ್ತೋ ಎಂದು ವಾದ ಮಾಡುತ್ತಿದ್ದರು.

ಇತ್ತ ಸೈಟಿನಲ್ಲಿ ಲೆಕ್ಕ ತಪ್ಪಿತು. ಫೋಟೋ ನೋಡುವವರು ಸಾವಿರಾರು, ಬುಕ್ ಮಾಡುವವರು ಬೆರಳೆಣಿಕೆ. ಏನಾಗಿದೆ ನೋಡಿ ಬಾ ಎಂದು ಆಫೀಸಿನವರು ಸಿಂಚನಾಳನ್ನು ಕಳಿಸಿದರು. ಅವಳು ರೂಮು ನೋಡಿದಳು, ಬಾತ್‌ರೂಮು ನೋಡಿದಳು, ಎಲ್ಲೂ ತಪ್ಪು ಸಿಗಲಿಲ್ಲ. ಹೋಗುವ ಮುಂಚೆ ಚಿತ್ತಾರದ ಮುಂದೆ ನಿಂತು, ಕೆಳಗಿನ ಅಂಚು ಪೂರ್ತಿ ಬರುವ ಹಾಗೆ ಸೆಲ್ಫಿ ತೆಗೆದುಕೊಂಡಳು. "ಈ ಬಾರ್ಡರ್ ಡಿಸೈನ್ ಎಷ್ಟು ಕ್ಯೂಟಾಗಿದೆ ಆಂಟಿ!" ಎಂದಳು. "ಹೌದಾ? ಬೇಕಿದ್ರೆ ನಿಮ್ಮನೆ ಗೋಡೆಗೂ ಬರ್ದು ಕೊಡ್ತೀನಿ" ಎಂದರು ಮಾಸ್ತಮ್ಮ, ಮುಖದ ಒಂದು ಗೆರೆಯೂ ಅಲುಗದಂತೆ.

ಎರಡು ದಿನ ಬಿಟ್ಟು ಸಿಂಚನಾಳ ಫೋನು.

"ಆಂಟಿ, ನನ್ನ ಸೆಲ್ಫಿ ನೋಡಿ ನಿಮ್ಮ ಗೋಡೆಗೆ ನಮ್ಮಪ್ಪ ಫೋನ್ ಮಾಡಿದ್ರು." ಅವಳ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು, ಬಸ್ಸಿನ ನಂಬರನ್ನು ಕನ್ನಡದಲ್ಲೇ ಓದಿ ಅಭ್ಯಾಸವಿದ್ದವರು. "ಯಾರೋ ಮೂರ್ತಿ ಅನ್ನೋರು ಅಪ್ಪನಿಗೆ ಎರಡು ರೂಮು ಕೊಟ್ಟಿದ್ದಾರೆ."

"ಈಗ ಎಂತ ಮಾಡ್ತೀಯ ಮಗಾ?"

"ಫೋಟೋ ತೆಗಿಲೇಬೇಕು ಆಂಟಿ, ನನ್ನ ಕೆಲಸ ಹೋಗುತ್ತೆ. ಅಪ್ಪನ ರೂಮು ಮಾತ್ರ ಕ್ಯಾನ್ಸಲ್ ಮಾಡ್ಬೇಡಿ."

ಫೋಟೋ ಹೋಯಿತು. ಅಷ್ಟರಲ್ಲಿ ಬಂದುಹೋದವರೇ ಇನ್ನೊಬ್ಬರಿಗೆ ಹೇಳಿ ಕಳಿಸುತ್ತಿದ್ದುದರಿಂದ ಫೋನು ನಿಲ್ಲಲಿಲ್ಲ. ಮಾಸ್ತಮ್ಮ ಮೂರು ರೂಮು ಸೈಟಿಗೆ, ಮೂರು ಫೋನಿಗೆ ಎಂದು ಹಂಚಿಟ್ಟರು. ಶಾಲೆ ಕಾಲೇಜು ಶುರುವಾಗಿ ಮೇಷ್ಟ್ರುಗಳ ಮೊಮ್ಮಕ್ಕಳಿಗೆ ಪರೀಕ್ಷೆ ಬಂದಾಗ ಫೋನಿನ ಮೂರು ರೂಮು ಖಾಲಿ ಬಿದ್ದಿದ್ದವು. ಆಗ ಸೈಟಿನಿಂದ ಕೊಲ್ಕತ್ತದ ಇಬ್ಬರು ಬಂದು ಹನ್ನೊಂದು ದಿನ ಇದ್ದರು. ಆ ತಿಂಗಳು ಮಾಸ್ತಮ್ಮ ಸೈಟಿಗೆ ಬೈಯಲಿಲ್ಲ.

ಹೋದ ಜನವರಿಯಲ್ಲಿ ಮಾಸ್ತಮ್ಮನವರಿಗೂ ಲಕ್ಷ್ಮಿಯವರಿಗೂ ಎಲ್ಲಾದರೂ ಹೋಗಿ ಬರೋಣ ಎನ್ನಿಸಿತು. ತೀರ್ಥಹಳ್ಳಿ, ಕವಲೇದುರ್ಗ ನೋಡಿಕೊಂಡು ಮೇಗರವಳ್ಳಿಯಲ್ಲಿ ಒಂದು ದಿನ ಉಳಿಯುವುದೆಂದು ಮಾತಾಯಿತು. ಅಲ್ಲೊಂದು ಹೋಮ್‌ಸ್ಟೇ ಇತ್ತು, ರವೀಂದ್ರ ಎಂಬುವವರದ್ದು. ಮೂರ್ತಿಯವರು ಎಲ್ಲೆಲ್ಲೋ ವಿಚಾರಿಸಿ ಅವರ ನಂಬರು ಸಂಪಾದಿಸಿದರು. ಮಾಸ್ತಮ್ಮ ಬಲು ಹುರುಪಿನಿಂದ ಫೋನ್ ಮಾಡಿದರು.

"ನೋಡಿ, ನಂದೂ ಲಾಡ್ಜ್ ಉಂಟು. ಕಷ್ಟ ಗೊತ್ತು ನಂಗೆ. ಅದ್ಕೇ ಸೈಟಿಗೆ ಹೋಗ್ದೆ ನೇರ ನಿಮ್ಗೇ ಫೋನ್ ಮಾಡ್ದೆ."

"ಅಯ್ಯೋ, ಸೈಟಲ್ಲೇ ಮಾಡಿ ಅಮ್ಮ" ಎಂದರು ರವೀಂದ್ರ. "ಫೋನಲ್ಲಿ ಹೇಳಿದ್ದು ನಂಗೆ ಮರ್ತೇ ಹೋಗುತ್ತೆ. ಹೋದ ತಿಂಗಳು ಒಂದೇ ರೂಮನ್ನ ಮೂರು ಜನಕ್ಕೆ ಕೊಟ್ಟು ಪಜೀತಿಯಾಯ್ತು. ಸೈಟಾದ್ರೆ ಅದೇ ನೆನಪಿಟ್ಕೊಳ್ಳುತ್ತೆ. ಅಲ್ಲದೆ ಈ ವಾರ ಅಲ್ಲೇ ರೇಟು ಕಡಿಮೆ."

ಮಾಸ್ತಮ್ಮ ಫೋನಿಟ್ಟು ಲಕ್ಷ್ಮಿಯವರ ಮುಖ ನೋಡಿದರು. ಲಕ್ಷ್ಮಿಯವರು ಅದಾಗಲೇ ಸೈಟು ತೆರೆದು ಕಿಟಕಿ, ಹಾಸಿಗೆ, ಬಚ್ಚಲು ಎಲ್ಲ ನೋಡುತ್ತಿದ್ದರು. "ಇಲ್ನೋಡಿ, 'ಫಾರೆಸ್ಟ್ ವ್ಯೂ' ಅಂತ ಹಾಕಿದ್ದಾರೆ" ಎಂದರು.

"ಮೇಗರವಳ್ಳಿಲಿ ಮತ್ತೇನು ಸಮುದ್ರ ಕಾಣ್ತದಾ?" ಎಂದು ಗೊಣಗುತ್ತ ಮಾಸ್ತಮ್ಮ ಮೊಬೈಲು ಇಸಿದುಕೊಂಡು, ಎರಡು ಜನ, ಒಂದು ರೂಮು ಎಂದು ತುಂಬಿಸಿ, ಬುಕ್ ಎಂಬುದನ್ನು ಒತ್ತಿದರು.