ಒಂದೇ ತೋಳು, ಎರಡು ಟ್ಯೂಬು

ಬೇಸಿಗೆಯ ಬೆಳಗು. ಇನ್ನೂ ಆರು ಹೊಡೆದಿಲ್ಲ, ಆಗಲೇ ಗೋಡೆ ಬೆಚ್ಚಗಿದೆ. ಸಂಶೋಧನಾಲಯದ ಕೆಳಮಹಡಿಯಲ್ಲಿ ಐವತ್ತು ದಾಟಿದ ಸಹಾಯಕಿಯೊಬ್ಬರು ದ್ರವ ಸಾರಜನಕದ ಪಾತ್ರೆಯ ಮುಚ್ಚಳ ಎತ್ತುತ್ತಾರೆ. ಬಿಳಿ ಹೊಗೆ ಉಕ್ಕಿ ಮೊಣಕೈವರೆಗೂ ಮುಚ್ಚುತ್ತದೆ. "ಅಲ್ಲೇ ನಿಲ್ಲಿ. ತಣ್ಣಗಿದ್ರೂ ಬೆಂಕಿ ಬೆಂಕೀನೇ," ಎಂದು ಇವರ ಕೆಲಸ ನೋಡಲು ಬಂದ ನನ್ನನ್ನು ತಡೆಯುತ್ತಾರೆ. ಇಲ್ಲಿ ಎಲ್ಲರಿಗೂ ಇವರು ಹೊಗೆಯಕ್ಕ.

ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ರೋಗಿಗಳ ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ, ತಡಮಾಡದೆ ಈ ಹೊಗೆಯೊಳಗಿಟ್ಟು ಮಂಜುಗಟ್ಟಿಸಬೇಕು. ದಿನಕ್ಕೆ ನಲವತ್ತು ಟ್ಯೂಬು. ಅದರಲ್ಲಿ ಅಳೆಯುವುದು ಕೋಎನ್‌ಜೈಮ್ ಕ್ಯೂ ಎಂಬ ವಸ್ತುವನ್ನು.

"ಜೀವಕೋಶದೊಳಗೆ ಒಂದು ಒಲೆ ಉರೀತಿರತ್ತೆ. ಒಲೆ ಅಂದ್ಮೇಲೆ ಕಿಡಿ ಹಾರ್ದೆ ಇರತ್ತಾ? ಕಿಡೀನ ತನ್ನ ಮೈಮೇಲೆ ಹಾಕ್ಕೊಂಡು ಮನೆ ಉಳಿಸೋದು ಈ ಕ್ಯೂ. ಸುಟ್ಕೊಂಡ್ರೂ ಮತ್ತೆ ಎದ್ದು ನಿಲ್ಲತ್ತೆ, ನನ್ನ ಥರ," ಎಂದು ನಗುತ್ತಾರೆ. ಸುಟ್ಟ ಕ್ಯೂ ಎಷ್ಟು, ಸುಡದ್ದು ಎಷ್ಟು ಎಂದು ನೋಡಿದರೆ ದೇಹದೊಳಗಿನ ಕಿಡಿಯ ಹಾವಳಿ ತಿಳಿಯುತ್ತದೆ. ಆದರೆ ಟ್ಯೂಬು ಮೇಜಿನ ಮೇಲೆ ಕೂತರೆ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವಂತೆ, ಅದು ಬರಿಯ ಗಾಳಿಗೇ ಕೆಡುತ್ತದೆ.

ಅದಕ್ಕೇ ಹೊಗೆಯಕ್ಕ ಹಿಂದಿನ ದಿನವೇ ಖಾಲಿ ಟ್ಯೂಬುಗಳಿಗೆ ನಂಬರು ಬರೆದಿಡುತ್ತಿದ್ದರು. ಹೋದ ವರ್ಷ ಬಂದ ಮುಖ್ಯಸ್ಥರಿಗೆ ಆ ಕೈಬರಹ ಹಿಡಿಸಲಿಲ್ಲ. ಪ್ಲಾಸ್ಮಾ ತುಂಬಿದ ಮೇಲೆ, ಹೆಸರು ತಾಳೆ ನೋಡಿ, ಅಚ್ಚಿನ ಚೀಟಿ ಅಂಟಿಸಬೇಕೆಂದು ಆಜ್ಞೆಯಾಯಿತು. ಚೀಟಿಗಾಗಿ ಟ್ಯೂಬುಗಳು ಕಿಟಕಿಯ ಪಕ್ಕ ಸಾಲುಗಟ್ಟಿದವು. ಎರಡು ತಿಂಗಳಲ್ಲಿ, ಹೋಲಿಕೆಗೆಂದು ರಕ್ತ ಕೊಟ್ಟ ಆರೋಗ್ಯವಂತರ ಫಲಿತಾಂಶವೂ ರೋಗಿಗಳದ್ದರಂತೆ ಬಂತು.

ಹೊಗೆಯಕ್ಕನ ಕೈಗೆ ಬಂದದ್ದು ನೋಟಿಸು: 'ನಿರ್ಲಕ್ಷ್ಯ. ತಿಂಗಳ ಕೊನೆಗೆ ಕೆಲಸ ಮುಕ್ತಾಯ.'

"ಚೀಟಿಗೆ ಕಾದು ಕೆಡ್ತಿದೆ ಅಂದೆ. 'ನಿಂಗೇನಮ್ಮ ಗೊತ್ತು, ಟ್ಯೂಬು ತೊಳೆಯೋಳು' ಅಂದ್ರು. ಅವತ್ತೇ ತೋಳು ಚಾಚಿದೆ."

ತಮ್ಮದೇ ರಕ್ತ, ಎರಡು ಟ್ಯೂಬು. ಒಂದು ನೇರ ಹೊಗೆಯೊಳಗೆ. ಇನ್ನೊಂದು ಚೀಟಿಯ ಸಾಲಿನಲ್ಲಿ. ಫಲಿತಾಂಶ ಬಂದ ದಿನ ಮುಖ್ಯಸ್ಥರ ಸಭೆಯ ಬಾಗಿಲು ತಳ್ಳಿ ಒಳಗೆ ಹೋದರು. "ಇದರಲ್ಲಿ ನಾನು ಗಟ್ಟಿಗಿತ್ತಿ, ಅದರಲ್ಲಿ ಕಾಯಿಲೆಯವಳು. ತೋಳು ಒಂದೇ ಸಾರ್. ಯಾವಳನ್ನ ಕೆಲಸದಿಂದ ತೆಗೀತೀರಿ?"

ಮಾರನೆಯ ದಿನದಿಂದ ಚೀಟಿ ನಿಂತಿತು, ಕೆಲಸ ಉಳಿಯಿತು. ಎರಡು ತಿಂಗಳ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿದರು. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಮುಖ್ಯಸ್ಥರ ಬಾಯಿಂದ ಬರಲಿಲ್ಲ.

ಆ ನೋಟಿಸು ಈಗ ಫ್ರೀಜರಿನ ಬಾಗಿಲ ಮೇಲಿದೆ, ಕಣ್ಣಿನ ಎತ್ತರಕ್ಕೆ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ನಾನಿರುವಾಗಲೇ ಮುಖ್ಯಸ್ಥರು ಬಂದರು. "ಇನ್ನೂ ತೆಗ್ದಿಲ್ವೇನಮ್ಮ? ಕೆಲಸ ಉಳೀತಲ್ಲ."

"ಅದು ನಾನು ಉಳಿಸ್ಕೊಂಡಿದ್ದು. ನಿಮ್ಮ ಬಾಕಿ ಬೇರೆ ಇದೆ. 'ತಪ್ಪು ನನ್ನದು' ಅಂತ ಕೆಳಗೆ ಬರೀರಿ, ಈಗ್ಲೇ ತೆಗೀತೀನಿ."

ಅವರು ಗಡಿಯಾರ ನೋಡಿಕೊಂಡು ಹೊರಟರು. ಹೊಗೆಯಕ್ಕ ಕೈಗವಸು ಕಳಚಿ, ಪೆನ್ನು ಹಿಡಿದು ಅಂಗೈ ಮೇಲೊಂದು ಗೆರೆ ಎಳೆದರು. ನೀಲಿ ಮೂಡಿತು.

"ಪ್ರತಿ ಸೋಮವಾರ ನೋಡ್ತೀನಿ," ಎಂದರು. "ಅವರಿಗೆ ಮನಸ್ಸು ಬಂದ ದಿನ ಇಂಕು ಒಣಗಿರಬಾರದಲ್ವಾ?"