ದೊಡ್ಡವ್ವನ ಕಲ್ಲಿಗೆ ಎಳೆದ ಗೀಟು

ಮೊನ್ನೆ ಮಗಳ ಮನೆಯಂಗಳದಲ್ಲಿ ಬಿಸಿಲಿಗೆ ಕಾದ ನೆಲಹಾಸಿನ ಪರಸಿಕಲ್ಲಿನ ಮೇಲೆ ನೀರು ಬಿತ್ತು. ಆ ವಾಸನೆಗೆ ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾದಳು... ಸಂಬಂಧಿಕಳಲ್ಲ, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದೆವು. ಶಹಾಬಾದಿನ ಕಲ್ಲುಗಣಿಯಲ್ಲಿ ಪರಸಿ ಹೊರುತ್ತಿದ್ದಳು. ನಾನು ಅಲ್ಲಿಯ ಕೆಂಪು ಬಾವುಟದ ಯೂನಿಯನ್ನಿನ ಕಾರ್ಯದರ್ಶಿ. ಮೀಸೆ ಸರಿಯಾಗಿ ಚಿಗುರಿರಲಿಲ್ಲ, ಎಲ್ಲ ತಿಳಿದವನೆಂಬ ಗತ್ತು ಮಾತ್ರ ಬಂದಿತ್ತು.

ಐವತ್ತೆರಡರಲ್ಲಿ ಹೈದರಾಬಾದ್ ರಾಜ್ಯದ ಮೊದಲ ಚುನಾವಣೆ ಆಗಷ್ಟೇ ಮುಗಿದಿತ್ತು. ತೆಲಂಗಾಣದ ಕಡೆ ನಮ್ಮವರು ಸಾಕಷ್ಟು ಗೆದ್ದಿದ್ದರು. ಮುಂದಿನ ಸಲ ಸರ್ಕಾರವೇ ನಮ್ಮದು ಎಂದು ಬೀಗುತ್ತಿದ್ದೆವು. ಅದೇ ಗುಂಗಿನಲ್ಲಿ ಯೂನಿಯನ್ ಅಧ್ಯಕ್ಷರ ಆಯ್ಕೆಗೆ ಸಭೆ ಕರೆದೆವು. ನಮ್ಮಲ್ಲಿ ಕೈ ಎತ್ತುವುದೇ ಪದ್ಧತಿ. ಎತ್ತದವರನ್ನು ನಾನು ನೆನಪಿಟ್ಟುಕೊಳ್ಳುತ್ತಿದ್ದೆ. ಮಾಲೀಕ ಅಂಥವರನ್ನು ಕೆಲಸದಿಂದ ತೆಗೆದರೆ ಅವರ ಪರ ನಿಲ್ಲಲು ನಾವು ಅವಸರ ಮಾಡುತ್ತಿರಲಿಲ್ಲ.

ದೊಡ್ಡವ್ವ ಎದ್ದು ನಿಂತಳು. "ಮೊನ್ನಿ ಸರ್ಕಾರದ ಓಟಿಗೆ ಪರದಾ ಕಟ್ಟಿದ್ರು. ನಮ್ಮಲ್ಲಿ ಯಾಕ ಬ್ಯಾಡ್ರಿ?"

ಮಂದಿ ಹೌದೆಂದರು, ಮತ್ತೆ ಆಯ್ಕೆಗೆ ನಿಂತಿದ್ದ ಅಧ್ಯಕ್ಷರೂ ನಗುತ್ತ ಒಪ್ಪಿದರು. ನನ್ನ ತಲೆಯಲ್ಲಿ ಮಾತ್ರ ಹುಳ ಹೊಕ್ಕಿತು. ಮರೆ ಕೇಳುವವಳ ಮನಸ್ಸಿನಲ್ಲಿ ಏನೋ ಇದೆ, ಮಾಲೀಕ ಇವಳನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ ಅನ್ನಿಸಿತು.

ಹೊದೆಯುವ ಕೌದಿಯನ್ನೇ ಮರೆಗೆ ಕಟ್ಟಿ ಹಿಂದೆ ಎರಡು ಗಡಿಗೆ ಇಟ್ಟೆವು. ಕೆಂಪು ಬಳಿದದ್ದು ಅಧ್ಯಕ್ಷರದು, ಬಳಿಯದ್ದು ಅವರ ಎದುರಾಳಿಯದು. ಒಬ್ಬೊಬ್ಬರಿಗೆ ಒಂದೊಂದು ಕಲ್ಲುಚೂರು ಕೊಡುವ ಕೆಲಸ ನನ್ನದು. ದೊಡ್ಡವ್ವನ ಚೂರಿನ ಹಿಂದೆ ಮೊಳೆಯಿಂದ ಸಣ್ಣ ಗೀಟು ಎಳೆದಿದ್ದೆ.

ಎಣಿಸುವಾಗ ಆ ಚೂರು ಕೆಂಪು ಗಡಿಗೆಯಲ್ಲೇ ಸಿಕ್ಕಿತು! ಖುಷಿಯಲ್ಲಿ ಹಿಂದೆಮುಂದೆ ನೋಡದೆ ಅವಳ ಮನೆಗೆ ಓಡಿದೆ.

"ದೊಡ್ಡವ್ವಾ, ನೀ ನಮ್ಮಾಕೀನೇ ಬಿಡು! ನಾ ಸುಮ್ನ ಸಂಶೆ ಪಟ್ಟಿದ್ದೆ."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ನಿನಗ ಹೆಂಗ ಗೊತ್ತಾತೋ?"

ಕೈಯಲ್ಲೇ ಉಳಿದಿದ್ದ ಗೀಟಿನ ಚೂರನ್ನು ಬೆನ್ನ ಹಿಂದೆ ಸರಿಸಿದೆ...

"ನಾಳಿ ನಿಮ್ಮ ಸರ್ಕಾರ ಬಂದ್ರೂ ಹಿಂಗೇ ಇಣುಕಿ ನೋಡ್ತೀರೇನಪ್ಪಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವಳು ಓಣಿಗೆಲ್ಲ ಹೇಳಿರಬೇಕು. ಮುಂದಿನ ವರ್ಷದ ಆಯ್ಕೆಯ ಸಭೆಯಲ್ಲಿ ಪರದೆಯ ಮಾತನ್ನು ಯಾರೂ ಆಡಲಿಲ್ಲ. ಅಧ್ಯಕ್ಷರ ಹೆಸರು ಕೂಗುವ ಮೊದಲೇ ದೊಡ್ಡವ್ವ ಕೈ ಎತ್ತಿದಳು, ನನ್ನನ್ನೇ ನೋಡುತ್ತ. ಉಳಿದವರೂ ಎತ್ತಿದರು. 'ಸರ್ವಾನುಮತ' ಎಂದು ನಾನೇ ಬರೆದೆ.

ದೊಡ್ಡವ್ವ ಹೋಗಿ ಎಷ್ಟೋ ವರ್ಷಗಳಾದವು. ತಪ್ಪಾಯಿತು ಎನ್ನುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ. ಆಮೇಲೆ ದೇಶದೊಳಗೂ ಹೊರಗೂ ಕೆಂಪು ಸರ್ಕಾರಗಳು ಬಂದವು. ಕೆಲವು ಓಟಿಗೆ ತಲೆಬಾಗಿ ಇಳಿದವು, ಕೆಲವು ಇಳಿಯಲೇ ಇಲ್ಲ. ಪೇಪರಿನಲ್ಲಿ ಸಭೆಗೆ ಸಭೆಯೇ ಕೈ ಎತ್ತಿದ ಫೋಟೋ ಕಂಡರೆ ಇವತ್ತಿಗೂ ಅವಳ ಕೈಯೇ ಕಾಣುತ್ತದೆ. ಆ ಎತ್ತಿದ ಕೈಗಳಲ್ಲಿ ಒಂದನ್ನೂ ನಾನು ನಂಬಲಾರೆ.